ನಾಲ್ಕು ಪಂಚಮಿಯ ಕುಬಸ

ಜೋಳದ ಹಿಟ್ಟಿಗೆ ಎಸರು ಸುರಿದ ಮೇಲೆ ಯಾರೂ ಕರೆಯಬಾರದು. ಕರೆದರೂ ಏಳಬಾರದು. ಬಿಸಿ ಇರುವಾಗಲೇ ನಾದಬೇಕು, ಜಿಗಿ ಇರುವಾಗಲೇ ಬಡಿಯಬೇಕು. ಸ್ವಲ್ಪ ಹೊತ್ತು ಬಿಟ್ಟು ಬಂದರೂ ಅಂಚು ಒಡೆದು, ಹಂಚಿಗೆ ಹಾಕುವಷ್ಟರಲ್ಲಿ ರೊಟ್ಟಿ ನಾಲ್ಕು ಚೂರಾಗುತ್ತದೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಎಲ್ಲರಿಗೂ ನನ್ನ ನೆನಪಾಗುವುದು ಆಗಲೇ.

ಎಂಬತ್ಮೂರನೆಯ ಇಸವಿಯ ನಾಗರಪಂಚಮಿಗೆ ಎರಡು ದಿನ ಇತ್ತು. ಆ ಬೆಳಿಗ್ಗೆ ಮೊದಲು ಕರೆದವಳು ನನ್ನ ಮಗಳು ನೇತ್ರಾವತಿ. ಹನ್ನೆರಡು ವರ್ಷ, ಏಳನೇ ತರಗತಿ. ಎರಡು ಜಡೆ ಹಾಕಿಸಿಕೊಂಡು, ಪಾಟಿಚೀಲ ಹೆಗಲಿಗೇರಿಸಿಕೊಂಡು ಹೊರಟವಳು ತಿರುಗಿ ಬಂದು ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತಳು.

“ಅವ್ವಾ, ಒಂದು ಮಾತು ಕೇಳ್ಲೇನು?”

“ರೊಟ್ಟಿ ಆಗ್ಲಿ ತಾಯಿ.”

“ಸಣ್ಣ ಮಾತು.”

“ಸಣ್ಣದಿದ್ರ ಕಾಯತೈತಿ. ಹಿಟ್ಟು ಕಾಯಂಗಿಲ್ಲ.”

ಒಂದು ತಿಂಗಳಿಂದ ಅವಳದು ಇದೇ. ನಲ್ಲಿಯ ಮುಂದೆ ಕೊಡ ತುಂಬುವಾಗ, ಬಟ್ಟೆ ಹಿಂಡುವಾಗ, ತಲೆಗೆ ಎಣ್ಣೆ ಹಚ್ಚುವಾಗ, ‘ಒಂದು ಮಾತು ಕೇಳ್ಲೇನು’. ನಾನು ಆಮೇಲೆ ಎನ್ನುತ್ತಿದ್ದೆ. ಆ ಮಾತು ಯಾವುದೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ಶಾಲೆಯಲ್ಲಿ ಹುಡುಗಿಯರು ‘ಮಾವನ ಹೆಂಡ್ತಿ’ ಎಂದು ಅಣಕಿಸಿದ್ದು ನನ್ನ ಕಿವಿಗೂ ಬಿದ್ದಿತ್ತು. ಅದಕ್ಕೆ ಕೊಡಬೇಕಾದ ಉತ್ತರ ನನ್ನ ಹತ್ತಿರ ಇನ್ನೂ ತಯಾರಿರಲಿಲ್ಲ. ಉತ್ತರ ತಯಾರಿಲ್ಲದ ತಾಯಿಗೆ ರೊಟ್ಟಿಯ ಹಿಟ್ಟು ಒಳ್ಳೆಯ ನೆಪ.

ಎರಡನೆಯ ಸಲ ಕರೆದವಳು ನನ್ನ ಅತ್ತೆ ಮಾಳಮ್ಮ. ಕಣ್ಣು ಮಂಜಾದ ಮೇಲೆ ಆಕೆ ಬಾಗಿಲ ಕಟ್ಟೆ ಬಿಟ್ಟು ಏಳುವುದಿಲ್ಲ. ಆದರೆ ಕಾಲುಂಗುರದ ಸದ್ದಿನಿಂದಲೇ ಯಾರು ಬಂದರೆಂದು ಹೇಳುತ್ತಾಳೆ.

“ಹಂಪೀ! ಏಳು, ನಿಮ್ಮವ್ವ ಬಂದ್ಲು ನೋಡು!”

ನಾನು ಎದ್ದೆ. ಹಿಟ್ಟು ಹಾಗೇ ಉಳಿಯಿತು.

ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ ಕೂಡ್ಲಿಗಿಗೆ ಬರುವುದೆಂದರೆ ಸುಲಭವಲ್ಲ. ಅವ್ವ ಹಿಂದಿನ ದಿನವೇ ಹೊರಟು, ಕೊಟ್ಟೂರಿನಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ಮೊದಲ ಬಸ್ಸು ಹಿಡಿದು ಬಂದಿದ್ದಳು. ಹಿಂದೆ ನನ್ನ ತಮ್ಮ ಓಬಳೇಶ, ತಲೆಯ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ.

“ಇನ್ನೂ ರೊಟ್ಟಿ ಹಚ್ಚಿ ಕುಂತಿಯೇನ ಹಂಪೀ? ಬಿಸಲು ಎಲ್ಲಿಗೆ ಬಂತು!” ಅಂದಳು ಅವ್ವ, ಚಪ್ಪಲಿ ಬಿಡುವ ಮೊದಲೇ.

ಇಲ್ಲಿ ನಮ್ಮ ಮನೆಯ ಸಂಬಂಧಗಳನ್ನು ಒಮ್ಮೆ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ತಾಯಿ ಹುಲುಗಮ್ಮ. ನನ್ನ ಗಂಡ ಗಾದೆಪ್ಪ ಆಕೆಯ ಸ್ವಂತ ತಮ್ಮ. ಅಂದರೆ ನಾನು ಮದುವೆಯಾದದ್ದು ಸೋದರಮಾವನನ್ನು. ನನ್ನ ಅತ್ತೆ ಮಾಳಮ್ಮ ನನ್ನ ತಾಯಿಯ ತಾಯಿ. ಅಕ್ಕನ ಮೊದಲ ಮಗಳು ತಮ್ಮನಿಗೆ ಎಂಬುದು ನಮ್ಮ ಮನೆತನದ ರೂಢಿ. ಮಾಳಮ್ಮನನ್ನೂ ಹಾಗೆಯೇ ಕೊಟ್ಟಿದ್ದರಂತೆ. ನನಗೆ ಹದಿನೈದು ತುಂಬಿದ ವರ್ಷ, ಅಜ್ಜಿಯ ಮನೆಗೆ ಹಬ್ಬಕ್ಕೆ ಬರುವ ಹಾಗೆ ಇಲ್ಲಿಗೆ ಬಂದೆ. ಹಬ್ಬ ಮುಗಿಯಿತು, ನಾನು ಹಿಂದಿರುಗಲಿಲ್ಲ. ಮದುವೆಯಾದ ಎಷ್ಟೋ ದಿನ ನನ್ನ ಬಾಯಲ್ಲಿ ಗಂಡನಿಗೆ ‘ಮಾವ’ ಎಂದೇ ಬರುತ್ತಿತ್ತು. ಓಣಿಯವರು ನಕ್ಕು ನಕ್ಕು ಸಾಕಾದ ಮೇಲೆ ನಾನು ಯಾವ ಹೆಸರಿನಿಂದಲೂ ಕರೆಯುವುದನ್ನು ಬಿಟ್ಟೆ.

ಬೇರೆ ಹೆಂಗಸರು ಗಂಡನ ಮೇಲೆ ಸಿಟ್ಟಾದರೆ ತವರಿಗೆ ಹೋಗಿ ದೂರು ಹೇಳುತ್ತಾರೆ. ನಾನು ಯಾರಿಗೆ ಹೇಳಲಿ? ಒಮ್ಮೆ ಹೇಳಿದ್ದೆ. “ನನ್ನ ತಮ್ಮನ್ನ ಅನಬ್ಯಾಡ” ಎಂದು ಅವ್ವ ನನಗೇ ಬೈದು ಕಳಿಸಿದ್ದಳು.

ಇನ್ನು ನನ್ನ ತಮ್ಮ ಓಬಳೇಶ. ನಾನು ಮದುವೆಯಾಗಿ ಬಂದಾಗ ಅವನಿಗೆ ಎಂಟು ವರ್ಷ. ಅದಕ್ಕೂ ಮುಂಚೆ ಅವನನ್ನು ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದೆ. ನೇತ್ರಾ ತೊಟ್ಟಿಲಲ್ಲಿದ್ದಾಗ ಅವನ ಕೈಯಿಂದ ತೊಟ್ಟಿಲಿಗೆ ಗೆಜ್ಜೆ ಕಟ್ಟಿಸಿ, “ನಿನ್ನ ಹೆಂಡ್ತಿ ನೋಡಲೇ” ಎಂದು ಎಲ್ಲರೂ ಚಪ್ಪಾಳೆ ಹೊಡೆದಿದ್ದರು. ಹತ್ತು ವರ್ಷದ ಹುಡುಗ ಅಳುತ್ತಾ ಹೊರಗೆ ಓಡಿದ್ದ. ಆಗ ನಾನೂ ನಕ್ಕಿದ್ದೆ. ಈಗ ನೆನೆದರೆ ಆ ನಗುವಿನ ಮೇಲೇ ನನಗೆ ಸಿಟ್ಟು ಬರುತ್ತದೆ.

ಅವ್ವ ನೀರು ಕುಡಿದು, ಪಡಸಾಲೆಯ ಚಾಪೆಯ ಮೇಲೆ ಕುಳಿತು, ಬುಟ್ಟಿಯ ಬಟ್ಟೆ ತೆಗೆದಳು. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು, ಕೊಬ್ಬರಿ ಬಟ್ಟಲು. ಎಲ್ಲದರ ಮೇಲೆ ಮಡಚಿಟ್ಟ ಒಂದು ನೀಲಿ ಖಣ, ಕುಬಸದ ಬಟ್ಟೆ. ಪ್ರತಿ ಪಂಚಮಿಗೂ ನನಗೆ ತವರಿನಿಂದ ಹೀಗೆ ಬರುತ್ತದೆ. ನಾನು ಕೈಯ ಹಿಟ್ಟನ್ನು ಒರೆಸಿಕೊಂಡು ಸೆರಗು ಒಡ್ಡಿದೆ.

ಅವ್ವ ನನ್ನ ಸೆರಗು ದಾಟಿ, ಖಣವನ್ನು ಪಕ್ಕದಲ್ಲಿ ಬಂದು ಕುಳಿತಿದ್ದ ನೇತ್ರಾಳ ಮಡಿಲಿಗೆ ಹಾಕಿದಳು.

“ಅಕೀಗೆ ಯಾಕವ್ವಾ? ಅಕಿ ಇನ್ನೂ ಲಂಗ ಹಾಕ್ತಾಳ.”

“ಅಕೀದು ಐತಿ, ಅಕೀಗೆ ಹಾಕೀನಿ.”

“ಪ್ರತಿ ವರ್ಷ ನನಗ ಕೊಡ್ತಿದ್ದಿ.”

“ನಿನಗ ಯಾವಾಗ ಖಣ ಕೊಟ್ಟೀನಿ?” ಎಂದಳು ಅವ್ವ, ನಿಜವಾಗಿ ಆಶ್ಚರ್ಯಪಟ್ಟು.

“ಹೋದ ವರ್ಷ ಹಸಿರು. ಅದರಾಚೆ ವರ್ಷ ಕೆಂಪು. ಅದಕ್ಕೂ ಮುಂಚೆ ಹಳದಿ, ಕರಿ ಅಂಚಿಂದು...”

“ಅವು ನಿನಗಲ್ಲ. ಹುಡುಗೀಗೆ.” ಅವ್ವ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. “ಹೆಣ್ಣು ಗೊತ್ತು ಮಾಡಿಕೊಂಡ ಮನಿಯವರು ಪಂಚಮಿಗೆ ಖಣ ಕೊಬ್ಬರಿ ಕಳಸೋದು ನಿನಗ ಗೊತ್ತಿಲ್ಲೇನು? ಅಕೀಗೆ ಎಂಟು ತುಂಬಿದ ವರ್ಷದಿಂದ ಕಳಸಾಕ ಹತ್ತೀನಿ. ನಾಕು ಪಂಚಮಿ ಕಳಿಸಿದೆ, ನಾಕೂ ನೀ ಬ್ಯಾಡ ಅನ್ಲಿಲ್ಲ, ಇಟ್ಟುಕೊಂಡಿ. ಐದನೇದಕ್ಕ ಎಲಿ-ಅಡಿಕಿ ಮಾಡಿ ಗಟ್ಟಿ ಮಾಡೋದು. ಅದಕ್ಕಽ ನಾನೇ ಬಂದೀನಿ.”

ನಾನು ತಲೆ ಬಗ್ಗಿಸಿ ನನ್ನ ಮೈಮೇಲಿನ ಕುಬಸ ನೋಡಿಕೊಂಡೆ. ಹಸಿರು. ಹೋದ ವರ್ಷದ್ದು.

ಈ ತಪ್ಪು ಬೇರೆ ಯಾರ ಮನೆಯಲ್ಲೂ ಆಗುವುದಿಲ್ಲ. ಬೇರೆಯವರಿಗೆ ತವರಿನ ದಾರಿ ಒಂದು, ಬೀಗರ ದಾರಿ ಇನ್ನೊಂದು. ತವರಿನ ಬುಟ್ಟಿಯಾದರೆ ತಾಯಿಗೆ, ಬೀಗರ ಬುಟ್ಟಿಯಾದರೆ ಮಗಳಿಗೆ ಎಂದು ಬಾಗಿಲಲ್ಲೇ ತಿಳಿಯುತ್ತದೆ. ನನಗೆ ಎರಡೂ ಒಂದೇ ಬಸ್ಸಿನಲ್ಲಿ, ಒಂದೇ ಬುಟ್ಟಿಯಲ್ಲಿ, ಒಬ್ಬನೇ ತಮ್ಮನ ತಲೆಯ ಮೇಲೆ ಬರುತ್ತವೆ. ನಾಲ್ಕು ವರ್ಷದ ಹಿಂದೆ ಪಂಚಮಿಗೆ ಸೀರೆ ಬರುವುದು ನಿಂತು ಖಣ ಬರತೊಡಗಿದಾಗ, ತವರಿನಲ್ಲಿ ಏನೋ ಅಡಚಣೆ ಇರಬೇಕು, ಪಾಪ, ಅಷ್ಟರಲ್ಲೂ ಅವ್ವ ಮರೆಯದೆ ಕಳಿಸುತ್ತಾಳಲ್ಲ ಎಂದು ಕಣ್ಣಿಗೊತ್ತಿಕೊಂಡು ಹೊಲಿಸಿಕೊಂಡಿದ್ದೆ. ಕಣ್ಣಿಗೊತ್ತಿಕೊಂಡು!

“ಸಾಲಿಗೆ ಹೊತ್ತಾತು, ನೀ ನಡಿ ನೇತ್ರಾ,” ಎಂದೆ.

“ಇವತ್ತು ಸಾಲಿ ಬ್ಯಾಡ,” ಎಂದಳು ಅವ್ವ. “ಎಲಿ-ಅಡಿಕಿಗೆ ಹುಡುಗಿ ಕುಂಡ್ರಬೇಕು. ಏಳನೇತ್ತ ಮುಗಿಸ್ಲಿ, ಸಾಕು. ಅಲ್ಲಿ ರೋಡ್ ರೋಲರಿಗೆ ಲೆಕ್ಕ ಬರೆಯಾಕ ಹೋಗಬೇಕಾಗೇತೇನು ಅಕಿ?”

ಓಬಳೇಶ ರೋಡ್ ರೋಲರ್ ಓಡಿಸುತ್ತಾನೆ. ಹರಪನಹಳ್ಳಿಯಿಂದ ಕಾನಹೊಸಹಳ್ಳಿಯವರೆಗೆ ಎಲ್ಲಿ ರಸ್ತೆ ರಿಪೇರಿಯೋ ಅಲ್ಲಿ. ಆ ಬೇಸಿಗೆಯಲ್ಲಿ ಅವನ ಕೆಲಸ ಖಾಯಂ ಆಗಿತ್ತು.

“ಖಾಯಂ ಆತು ಅಂದ್ಕೂಡ್ಲೇ ಹೆಣ್ಣು ಕೊಡ್ತೀವಿ ಅಂತ ಮಂದಿ ಬರಾಕ ಹತ್ತ್ಯಾರ,” ಎಂದಳು ಅವ್ವ ಕಟ್ಟೆಯ ಮೇಲಿದ್ದ ತನ್ನ ತಾಯಿಗೆ ಕೇಳುವಂತೆ. “ನೀಲಗುಂದದವರು ಎರಡು ಸಲ ಬಂದಿದ್ರು. ಹುಡುಗಿ ಹತ್ತನೇತ್ತ ಓದ್ಯಾಳ. ನಾ ಹೇಳಿದೆ, ನಮ್ಮ ಹುಡುಗಗ ಹೆಣ್ಣು ಹುಟ್ಟಿದಾಗಿಂದ ಗೊತ್ತಾಗೈತಿ, ನಡೀರಿ ಅಂತ.”

ನೀಲಗುಂದ ಎಂದಾಗ ಓಬಳೇಶ ಚಾಪೆಯ ಒಂದು ಎಳೆ ಕಿತ್ತ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಕೂಡಲೇ ಎದ್ದು, “ಕೈಕಾಲು ತೊಳಕೊಂಡು ಬರ್ತೀನಿ,” ಎಂದು ಹಿತ್ತಲಿಗೆ ಹೋದ.

ನೇತ್ರಾ ಶಾಲೆಗೂ ಹೋಗಲಿಲ್ಲ, ಚೀಲವನ್ನೂ ಬಿಡಲಿಲ್ಲ. ಮಡಿಲಲ್ಲಿ ಖಣ, ಅದರ ಮೇಲೆ ಪಾಟಿಚೀಲ ಇಟ್ಟುಕೊಂಡು ಗೋಡೆಗೆ ಒರಗಿ ಕುಳಿತಳು.

ನಾನು ಒಲೆಯ ಹತ್ತಿರ ಹೋಗಿ ನೋಡಿದೆ. ಹಿಟ್ಟು ಆರಿತ್ತು. ಆದರೂ ಒಂದು ಬಡಿದೆ. ಅಂಚು ಒಡೆಯಿತು. ಮುದ್ದೆ ಮಾಡಿ ಮತ್ತೆ ಬಡಿದೆ, ಮತ್ತೆ ಒಡೆಯಿತು. ಅಷ್ಟರಲ್ಲಿ ನನ್ನ ಗಂಡ ಬಂದರು. ಅವರು ಲೈನ್‌ಮನ್, ಗಾಳಿಗೆ ಹರಿದ ತಂತಿ ಜೋಡಿಸಲು ನಸುಕಿನಲ್ಲೇ ಹೋಗಿದ್ದರು. ಸೊಂಟದ ಪಟ್ಟಿ, ಹಗ್ಗ ಇನ್ನೂ ಹೆಗಲ ಮೇಲಿದ್ದವು.

“ಲೇ ಗಾದೀ, ಬೇಗ ಮುಖ ತೊಳಕೊಂಡು ಬಾ,” ಎಂದಳು ಅವ್ವ. “ಎಲಿ-ಅಡಿಕಿ ಮಾಡೂಣು.”

“ಇವತ್ತಾ ಅಕ್ಕಾ?”

“ಮತ್ತ್ಯಾವತ್ತು? ಕೆಲಸ ಖಾಯಂ ಆಗೈತಿ, ಹುಡುಗಿ ದೊಡ್ಡಾಕಿ ಆಗಾಕ ಬಂದೈತಿ.”

“ಹದಿನೆಂಟು ತುಂಬದ ಮದಿವಿ ಮಾಡಂಗಿಲ್ಲ ಅಂತ ಸರ್ಕಾರದ್ದು ಕಾನೂನು ಐತಿ,” ಎಂದರು ಇವರು, ಯಾರ ಮುಖವನ್ನೂ ನೋಡದೆ.

“ಮದಿವಿ ಮಾಡು ಅಂದೆ ಏನು? ಗಟ್ಟಿ ಮಾಡು ಅಂದೆ. ಬಾಯಾಗ ಒಂದು ಚಿಟಿಕಿ ಸಕ್ಕರಿ ಹಾಕಿದ್ರ ಯಾವ ಪೊಲೀಸ ಹಿಡೀತಾನ?”

“ಆತು, ನೋಡೂಣು,” ಎಂದು ಒಳಗೆ ಬಂದರು. ನಾನು ಒಡೆದ ರೊಟ್ಟಿಯನ್ನು ಅವರ ಮುಂದೆ ಹಿಡಿದೆ.

“ನಿಮ್ಮ ಮಗಳ್ರೀ ಅಕಿ.”

“ನನಗ ಗೊತ್ತಿಲ್ಲೇನು?”

“ಗೊತ್ತಿದ್ರ ನೋಡೂಣು ಅನಬ್ಯಾಡ್ರಿ. ಬ್ಯಾಡ ಅನ್ರಿ.”

“ಅಕ್ಕಗ ಹೆಂಗ ಬ್ಯಾಡ ಅನ್ನೋದು? ನನ್ನ ಎತ್ತಿ ಬೆಳೆಸ್ಯಾಳ. ನಿನ್ನೂ ಕೊಟ್ಟಾಳ.”

“ಕಂಬದ ತುದೀಗೆ ಹತ್ತಿ ತಂತಿ ಮುಟ್ಟತೀರಿ...”

“ಅದನ್ನ ಬಂದ್ ಮಾಡಿ ಮುಟ್ಟತೀವಿ. ನಿಮ್ಮವ್ವನ್ನ ಬಂದ್ ಮಾಡೋ ಹ್ಯಾಂಡಲ್ಲು ಎಲ್ಲೈತಿ ಹೇಳು, ಈಗ್ಲೇ ಎಳದು ಬರ್ತೀನಿ.”

ನನಗೆ ನಗು ಬಂತು. ಇವರೊಂದಿಗೆ ಬಾಳುವೆ ಮಾಡುವ ತೊಂದರೆಯೇ ಇದು. ಒಳ್ಳೆಯ ಮನುಷ್ಯ, ಒಂದು ದಿನ ಕೈ ಎತ್ತಿದವರಲ್ಲ, ಕುಡಿದವರಲ್ಲ. ಮಗಳಿಗೆ ಜ್ವರ ಬಂದರೆ ನನಗಿಂತ ಮೊದಲು ಎದ್ದು ಕೂರುತ್ತಾರೆ. ಆದರೆ ನಾನು ಸಿಟ್ಟಾಗಲೇಬೇಕಾದ ಹೊತ್ತಿನಲ್ಲಿ ನಗಿಸಿಬಿಡುತ್ತಾರೆ, ಆ ನಗುವಿನಲ್ಲಿ ತಾವು ಜಾರಿಕೊಳ್ಳುತ್ತಾರೆ. ಹದಿನಾಲ್ಕು ವರ್ಷದಿಂದ ಹೀಗೆ.

ನಗು ನುಂಗಿಕೊಂಡು ಹಿತ್ತಲಿಗೆ ಹೋದೆ. ಓಬಳೇಶ ತೊಳೆದ ಕಾಲನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದ.

“ಚರ್ಮ ಹೋದೀತಲೇ, ಸಾಕು. ನೀಲಗುಂದದ ಹುಡುಗಿನ್ನ ನೋಡಿಯೇನು?”

“ಒಮ್ಮೆ,” ಎಂದ. ಕಾಲಿನ ಮೇಲೆ ಇನ್ನೊಂದು ಚೊಂಬು ಸುರಿದುಕೊಂಡು, “ಎರಡು ಸಲ. ಅಲ್ಲಿ ರಸ್ತಿ ಕೆಲಸ ನಡೆದಿತ್ತು.”

“ಮತ್ತ ಅವ್ವಗ ಹೇಳು.”

“ನಾ ಹೆಂಗ ಹೇಳ್ಲಕ್ಕಾ? ಹೇಳಿದ್ರ ಊಟ ಬಿಡ್ತಾಳ. ನೀ ಹೇಳು.”

“ನಾ ಹೇಳಿದ್ರ ನನಗ ತವರು ಇರಂಗಿಲ್ಲ.”

“ನೇತ್ರಾನ್ನ ನಾ ಹೆಗಲ ಮ್ಯಾಲ ಕುಂಡ್ರಿಸಿ ಆಡಿಸೀನಿ. ಅಕೀ ಮುಖ ನೋಡಾಕ ನನಗ ನಾಚಿಕಿ ಆಗತೈತಿ. ದೇವರಾಣೆ ಅಕ್ಕಾ.”

“ನಾಚಿಕಿ ನನಗ ಹೇಳಿ ಏನ್ ಮಾಡ್ಲಿ? ಒಳಗ ಬಂದು ಹೇಳು.”

“ನೀ ಮೊದ್ಲು ಸುರು ಮಾಡು, ಹಿಂದಿಂದ ನಾ ಬರ್ತೀನಿ.”

ಎಷ್ಟು ತೂಕದ ಯಂತ್ರ ಓಡಿಸುವವನು, ಎದುರಿಗೆ ಜಲ್ಲಿಕಲ್ಲಿದ್ದರೆ ಪುಡಿ ಮಾಡುವವನು! ಇವನು, ಇವನ ಮಾವನಾದ ನನ್ನ ಗಂಡ, ಇಬ್ಬರೂ ಸೇರಿ ಒಂದು ‘ಬ್ಯಾಡ’ ಹೇಳಲಾರರು. ಹೇಳಬೇಕಾದವಳು ನಾನು. ಹೇಳಿದ ಮೇಲೆ ಕೆಟ್ಟವಳಾಗುವವಳೂ ನಾನು.

ತಿರುಗಿ ಒಳಗೆ ಬರುವಷ್ಟರಲ್ಲಿ ಹೊರಬಾಗಿಲಲ್ಲಿ ಜೈನಾಬ್ ಬೀ ಹೊಲಿಗೆಯ ಚೀಲ ಹಿಡಿದು ನಿಂತಿದ್ದರು. ನಮ್ಮ ಹಿಂದಿನ ಓಣಿಯವರು, ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು. ಪ್ರತಿ ಪಂಚಮಿಗೆ ನನ್ನ ಕುಬಸ ಅವರೇ ಹೊಲಿಯುವುದು.

“ಖಣ ಬಂತೇನ್ರಮ್ಮಾ? ಈಗ್ಲೇ ಕೊಟ್ರ ಹಬ್ಬಕ್ಕ ಆಗತೈತಿ. ನಾಳೆ ಕೊಟ್ರ ನನ್ನ ಕೈಯಾಗ ಆಗಂಗಿಲ್ಲ ನೋಡ್ರಿ.”

“ಬಾರವ್ವ ಜೈನಾಬೀ, ಸರಿಯಾಗಿ ಬಂದಿ,” ಎಂದಳು ಅವ್ವ. “ಹಿಂದಿನ ನಾಕು ಖಣ ಯಾರಿಗೆ ಹೊಲಿದಿ?”

“ಹಂಪಮ್ಮಗ.”

“ಹುಡುಗಿ ದೊಡ್ಡಾಕಿ ಆದ ಮ್ಯಾಲ ಆಗ್ಲಿ ಅಂತ ದೊಡ್ಡದು ಮಾಡಿ ಹೊಲಿದಿಯೇನು?”

“ಇಲ್ಲಮ್ಮಾ! ಇವರಽ ಅಳತಿ. ವರ್ಷಾ ವರ್ಷಾ ಒಂದೊಂದು ಬೆರಳು ಜಾಸ್ತಿ ಬಿಟ್ಟೀನಿ, ಇವ್ರ ಮೈ ಬರಾಕ ಹತ್ತೈತಿ,” ಎಂದರು ಜೈನಾಬ್ ಬೀ. ಆಮೇಲೆ ನಮ್ಮೆಲ್ಲರ ಮುಖ ನೋಡಿ, “ಯಾಕ್ರಿ, ಏನಾತು?” ಎಂದು ಹೊಸ್ತಿಲ ಬಳಿಯೇ ಕುಳಿತುಬಿಟ್ಟರು.

ಕಟ್ಟೆಯಿಂದ ಮಾಳಮ್ಮಜ್ಜಿ ಕೋಲು ಕುಟ್ಟಿದಳು. ಮನೆಯಲ್ಲಿ ರೂಢಿಯ ಮಾತು ಬಂದರೆ ಕೊನೆಯ ಮಾತು ಆಕೆಯದು.

“ಯಾರ ಮೈಮ್ಯಾಲ ಕುಂತೈತೋ ಅವ್ರಿಗೆ ಕೊಟ್ಟಂಗ. ಖಣ ಹಂಪೀಗೆ ಮುಟ್ಟೈತಿ. ಹುಡುಗೀಗೆ ಮುಟ್ಟಿಲ್ಲ.”

ನನಗೆ ಉಸಿರು ಬಂತು. ಅವ್ವ ಸಿಡುಕಿದಳು.

“ಅವ್ವಾ, ನೀ ಯಾರ ಕಡೀಗೆ?”

“ನಾ ಎಲ್ಲಾರ ಕಡೀಗೂ ಇರಬೇಕಾಗೈತಿ. ನೀ ಮಗಳು, ಅಕಿ ಸೊಸಿ. ಸೊಸಿ ಆಗೋದಕ್ಕ ಮುಂಚೆ ಮೊಮ್ಮಗಳು. ನನ್ನ ಹಣೇಬಾರ.” ಆಮೇಲೆ ಕೇಳಿದಳು, “ಆದ್ರ ಉಂಡಿ? ಉಂಡಿ ಯಾರು ತಿಂದ್ರು?”

ಉಂಡಿಯನ್ನು ಎಲ್ಲರೂ ತಿಂದಿದ್ದರು.

“ನಮ್ಮನೀಗೂ ಬಂದಿದ್ವು,” ಎಂದರು ಜೈನಾಬ್ ಬೀ ಮೆಲ್ಲಗೆ. “ನಮ್ಮ ಹುಡುಗ್ರು ತಿಂದ್ವು. ಈಗ ನಮಗೂ ಏನಾರ ಸಂಬಂಧ ಬಂತೇನ್ರಿ?”

“ನೇತ್ರಾ ತಿಂದಾಳ,” ಎಂದಳು ಅವ್ವ ಗೆದ್ದವಳ ಹಾಗೆ. “ನಾಕು ವರ್ಷಾನೂ ತಿಂದಾಳ. ಖಣ ಹೋಗ್ಲಿ, ಉಂಡಿ ಮುಟ್ಟೈತಿ.”

“ಉಂಡಿ ಮುಟ್ಟೈತಿ,” ಎಂದಳು ಅಜ್ಜಿ. “ಅದು ಖರೇ.”

ಹನ್ನೆರಡು ವರ್ಷದ ಹುಡುಗಿಯ ಬಾಳನ್ನು ಶೇಂಗಾ ಉಂಡಿಯ ಮೇಲೆ ನಿಲ್ಲಿಸಿ ಇವರು ಪಂಚಾಯ್ತಿ ಮಾಡುತ್ತಿದ್ದರು. ನನ್ನ ಗಂಡ ಒಳಗಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದು ಕಂಬಕ್ಕೆ ಒರಗಿ ನಿಂತರು. ಓಬಳೇಶ ಹಿಂಬಾಗಿಲಲ್ಲಿ ನಿಂತ. ಯಾರಿಗಾದರೂ ಬಾಯಿ ಇದೆಯೇ ಎಂದು ನಾನು ಎಲ್ಲರ ಮುಖ ನೋಡಿದೆ.

ಅವ್ವ ತನ್ನ ಚೀಲದಿಂದ ಹಿತ್ತಾಳೆಯ ತಟ್ಟೆ ತೆಗೆದಳು. ಎಲೆ ಜೋಡಿಸಿದಳು, ಅಡಿಕೆ ಇಟ್ಟಳು, ಕಾಗದದ ಪೊಟ್ಟಣ ಬಿಚ್ಚಿ ಸಕ್ಕರೆ ಸುರಿದಳು. ಆ ಸಕ್ಕರೆಯನ್ನು ಗಂಡಿನ ತಾಯಿ ಹೆಣ್ಣಿನ ಬಾಯಿಗೆ ಹಾಕಿದರೆ ಆಯಿತು. ನಮ್ಮಲ್ಲಿ ಅದನ್ನು ಮುರಿದವರಿಲ್ಲ. ನನ್ನ ಬಾಯಿಗೆ ಹಾಕಿದವಳು ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿ. ಸಕ್ಕರೆ ಎಂದು ನಾನು ಸಂತೋಷದಿಂದ ಬಾಯಿ ತೆರೆದಿದ್ದೆ.

“ಬಾ ಕೂಸೇ, ಇಲ್ಲಿ ಕುಂಡ್ರು,” ಎಂದಳು ಅವ್ವ, ನಿಜವಾದ ಪ್ರೀತಿಯಿಂದ. ಅದೇ ದೊಡ್ಡ ಕಷ್ಟ. ಪ್ರೀತಿ ಇಲ್ಲದವರಾಗಿದ್ದರೆ ಬಾಗಿಲು ತೋರಿಸಬಹುದಿತ್ತು.

ನೇತ್ರಾ ನನ್ನತ್ತ ನೋಡಿದಳು. ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ನಾನು ಒಳಗೆ ಹೋಗಿ ಹಸಿರು ಕುಬಸ ಬಿಚ್ಚಿ, ಹಳೆಯದೊಂದು ಹಾಕಿಕೊಂಡೆ. ಟ್ರಂಕು ತೆರೆದು ಉಳಿದ ಮೂರನ್ನೂ ತೆಗೆದೆ. ನಾಲ್ಕನ್ನೂ ತಂದು ತಟ್ಟೆಯ ಮುಂದೆ ಕುಳಿತು, ಜೈನಾಬ್ ಬೀಯ ಚೀಲಕ್ಕೆ ಕೈ ಹಾಕಿ ಕತ್ತರಿ ತೆಗೆದುಕೊಂಡೆ. ಹಸಿರಿನ ಬಗಲ ಹೊಲಿಗೆಯ ಮೊದಲ ಎಳೆ ಕತ್ತರಿಸಿದೆ.

“ಅಯ್ಯ, ಏನ್ ಮಾಡ್ತೀರ್ರಿ!” ಎಂದರು ಜೈನಾಬ್ ಬೀ.

“ಬಿಚ್ಚತೀನಿ. ಬಿಚ್ಚಿ ನಾಕೂ ಖಣ ಮಡಚಿ ಬುಟ್ಟಿಗೆ ಹಾಕ್ತೀನಿ. ನಮಗ ಮುಟ್ಟಿಲ್ಲ ಅಂತ.”

“ಹೊಲಿದು ಉಟ್ಟದ್ದನ್ನ ತಿರುಗಿ ಕೊಡ್ತಾರೇನ ಹುಚ್ಚೀ?” ಎಂದಳು ಅವ್ವ.

“ಬಿಚ್ಚಿದ ಮ್ಯಾಲ ಅದು ಖಣಾನೇ. ಉಂಡಿ ಹೊಟ್ಯಾಗ ಹೋಗೈತಿ, ಅದನ್ನ ತಿರುಗಿ ಕೊಡಾಕ ನನ್ನ ಕೈಲಾಗಂಗಿಲ್ಲ. ಶೇಂಗಾ ತರಿಸಿ ಹೊಸಾವು ಕಟ್ಟಿ ಕೊಡ್ತೀನಿ.”

“ತವರಿಗೆ ಬಾಗಲಾ ಹಾಕ್ತಿಯೇನು?”

“ನಾ ಹಾಕಂಗಿಲ್ಲವ್ವಾ. ಹಾಕಿದ್ರ ನೀನಽ ಹಾಕಬೇಕು. ನಾ ಬಂದು ಹೊರಗ ಕುಂತಿರ್ತೀನಿ, ನೀ ತೆಗಿಯೋ ತನಕ.”

ಅವ್ವನ ಕಣ್ಣು ತುಂಬಿತು. ನನ್ನ ಕಣ್ಣೂ ತುಂಬಿ ಎಳೆ ಕಾಣಿಸದೆ ಬಟ್ಟೆಯನ್ನೇ ಕತ್ತರಿಸಿದೆ. ಜೈನಾಬ್ ಬೀ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು, ತಾವು ಹೊಲಿದದ್ದನ್ನು ತಾವೇ ಒಂದೊಂದಾಗಿ ಬಿಚ್ಚತೊಡಗಿದರು.

“ನಾ ನನ್ನ ತಮ್ಮಗ ಮಗಳನ್ನ ಕೊಟ್ಟೆ,” ಎಂದಳು ಅವ್ವ. “ಒಂದು ಮಾತಾಡಲಿಲ್ಲ. ನಿನ್ನ ತಮ್ಮಗ ಕೊಡಾಕ ನಿನಗೇನಾಗೈತಿ? ನನ್ನ ಮಗಗ ಏನು ಕಡಿಮಿ ಐತಿ?”

“ಏನೂ ಕಡಿಮಿ ಇಲ್ಲ. ಅವನ್ನೂ ಕೇಳು, ಅವ ಯಾರ್ನ ನೋಡ್ಯಾನ ಅಂತ.”

ಹಿಂಬಾಗಿಲಲ್ಲಿ ಓಬಳೇಶ, “ಅಕ್ಕಾ...” ಎಂದ. ನನ್ನ ಹಿಂದಿಂದ ಬರುತ್ತೇನೆ ಎಂದವನು ಆ ಒಂದು ಮಾತಿನಲ್ಲೇ ನಿಂತ. ಆದರೆ ಅವನ ಮುಖವನ್ನು ಅವ್ವ ನೋಡಿದಳು. ನೋಡಿದ ಮೇಲೆ ನೋಡಲಿಲ್ಲವೆಂದು ಹೇಳುವ ಹಾಗಿರಲಿಲ್ಲ.

“ಹುಡುಗೀನ ಕೇಳವ್ವಾ ಒಂದು ಸಲ,” ಎಂದೆ. “ಇಷ್ಟು ಮಂದಿ ಕುಂತೀವಿ. ಅಕೀನ ಯಾರೂ ಕೇಳಿಲ್ಲ.”

ಅವ್ವ ಕಣ್ಣೀರಿನಲ್ಲೇ ನಕ್ಕಳು. “ಹುಡುಗೀನ ಕೇಳೋದಾ! ನಮ್ಮ ಮನ್ಯಾಗ ಯಾವ ಹೆಣ್ಣನ್ನ ಕೇಳ್ಯಾರ? ನಮ್ಮವ್ವನ್ನ ಕೇಳಿದ್ರೇನು? ನನ್ನ ಕೇಳಿದ್ರೇನು? ನಿನ್ನ ಕೇಳಿ ಕೊಟ್ಟೀನೇನು? ನೀ ಏನು ಹಾಳಾಗಿ ಹೋದಿ? ನನ್ನ ತಮ್ಮನಂಥ ಗಂಡ, ನಮ್ಮವ್ವನಂಥ ಅತ್ತಿ...”

ಮಾತಾಡುತ್ತಲೇ ಸಕ್ಕರೆಯನ್ನು ಚಿಟಿಕೆಯಲ್ಲಿ ಎತ್ತಿದ್ದಳು. ಕೈ ಅರ್ಧದಲ್ಲಿ ನಿಂತಿತು. ಕಟ್ಟೆಯ ಮೇಲೆ ಅಜ್ಜಿ ಕೋಲನ್ನು ಕೆಳಗಿಟ್ಟಳು.

ನೇತ್ರಾ ಎದ್ದಳು. ಮಡಿಲಿನ ನೀಲಿ ಖಣವನ್ನು ಮಡಿಕೆ ಕೆಡದಂತೆ ಬುಟ್ಟಿಯಲ್ಲಿಟ್ಟಳು. ಚೀಲವನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಂದೆ ಬಂದು ನಿಂತಳು.

“ಅವ್ವಾ, ಈಗ ಕೇಳ್ಲೇನು? ರೊಟ್ಟಿ ಹೆಂಗೂ ಕೆಟ್ಟೈತಿ.”

“ಕೇಳು ತಾಯಿ,” ಎಂದೆ. ಈಗ ನನ್ನ ಉತ್ತರ ತಯಾರಿತ್ತು. ಇಲ್ಲ, ನೀ ಯಾರನ್ನೂ ಮದಿವಿ ಆಗಬೇಕಾಗಿಲ್ಲ, ನೀ ಎಂಟನೇತ್ತ ಓದು, ಮುಂದೂ ಓದು. ತುಟಿಯ ತುದಿಯಲ್ಲೇ ಇಟ್ಟುಕೊಂಡಿದ್ದೆ.

ಅವಳು ಓಬಳೇಶನ ಕಡೆ ನೋಡಲಿಲ್ಲ. ಅಜ್ಜಿಯರ ಕಡೆಯೂ ನೋಡಲಿಲ್ಲ. ಕಂಬಕ್ಕೆ ಒರಗಿದ್ದ ತನ್ನ ಅಪ್ಪನನ್ನು ಒಂದು ಸಲ ನೋಡಿ, ನನ್ನ ಕಡೆ ತಿರುಗಿದಳು. ಒಂದು ತಿಂಗಳಿಂದ ನಾನು ಹಿಟ್ಟು, ನೀರು, ಬಟ್ಟೆ ಅಡ್ಡ ಹಿಡಿದು ನಿಲ್ಲಿಸಿದ್ದ ಮಾತು ನಾನಂದುಕೊಂಡ ಮಾತೇ ಆಗಿರಲಿಲ್ಲ.

“ಆವತ್ತು ಅಪ್ಪಗ ಕೊಡೋ ಮುಂಚೆ ನಿನ್ನ ಕೇಳಿದ್ರ, ಅವ್ವಾ, ನೀ ಏನಂತಿದ್ದಿ?”